ಆಟದ ಗಲ್ಲಾಪೆಟ್ಟಿಗೆ

ಪ್ರತಿಯೊಂದು ವಿಡಿಯೋ ಗೇಮಿಗೂ ಎರಡು ಬಗೆಯ ನಿಯಮಗಳಿರುತ್ತವೆ. ಚೆಂಡು ತಪ್ಪಿದರೆ ಎದುರಾಳಿಗೆ ಅಂಕ, ಗುಂಡು ತಗುಲಿದರೆ ಒಂದು ಜೀವ ಕಡಿತ ಎಂಬಂಥವು ತೆರೆಯ ಮೇಲಿನ ನಿಯಮಗಳು. ಆಟಗಾರನಿಂದ ಹಣವನ್ನು ಯಾವಾಗ, ಎಷ್ಟು, ಯಾವ ನೆಪದಲ್ಲಿ ಪಡೆಯಬೇಕು ಎಂಬುದು ತೆರೆಯ ಹಿಂದಿನ ನಿಯಮ. ಸಮಾಜದಲ್ಲಿ ಈ ಆಟಗಳ ಬಗ್ಗೆ ನಡೆದ ವಾದವಿವಾದಗಳು ಬಹುಪಾಲು ಮೊದಲನೆಯದನ್ನು ಕುರಿತವು: ರಕ್ತ ಎಷ್ಟು ಚೆಲ್ಲಿತು, ತಲೆ ಎಷ್ಟು ಉರುಳಿತು, ಇದನ್ನೆಲ್ಲ ನೋಡಿದ ಹುಡುಗ ಮುಂದೆ ಏನಾದಾನು. ಆದರೆ ಐದು ದಶಕಗಳ ಚರಿತ್ರೆಯನ್ನು ಸಾಲಾಗಿ ಇಟ್ಟು ನೋಡಿದರೆ, ಆಟದ ಸ್ವರೂಪವನ್ನೂ ಮನೆಮಂದಿಯ ಮೇಲೆ ಅದು ಬೀರಿದ ಪರಿಣಾಮವನ್ನೂ ಹೆಚ್ಚಾಗಿ ತೀರ್ಮಾನಿಸಿದ್ದು ಎರಡನೆಯದು. ಗಲ್ಲಾಪೆಟ್ಟಿಗೆ ಎಲ್ಲಿದೆಯೋ ಆಟ ಅತ್ತ ವಾಲುತ್ತದೆ.

ಗಲ್ಲಾಪೆಟ್ಟಿಗೆಯೇ ಇಲ್ಲದ ಕಾಲವೂ ಒಂದಿತ್ತು. 1958ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ, ಸಾರ್ವಜನಿಕರು ಪ್ರಯೋಗಾಲಯ ನೋಡಲು ಬರುವ ದಿನಕ್ಕೆಂದು ಆಸಿಲೋಸ್ಕೋಪಿನ ಪುಟ್ಟ ತೆರೆಯ ಮೇಲೆ ಟೆನಿಸ್ ಆಟವೊಂದನ್ನು ಹೂಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಗೆ ದುಡಿದಿದ್ದವರು ಅವರು. ಬಂದವರಿಗೆ ಬೇಸರವಾಗದಿರಲಿ ಎಂಬುದಷ್ಟೇ ಈ ಆಟದ ಉದ್ದೇಶ. 1962ರಲ್ಲಿ ಎಂಐಟಿಯ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಬರೆದರು. ಆ ಯಂತ್ರದ ಬೆಲೆ ಸುಮಾರು 1,20,000 ಡಾಲರ್. ಅಷ್ಟು ದುಬಾರಿ ಯಂತ್ರ ಇದ್ದ ಕಡೆಯಲ್ಲೆಲ್ಲ ಆಟದ ಪ್ರತಿ ಪುಕ್ಕಟೆಯಾಗಿ ಹರಡಿತು. ಮಾರಬಹುದಾದ ಸರಕು ಅದೆಂದು ಅದನ್ನು ಬರೆದವರಿಗೇ ಅನಿಸಿರಲಿಲ್ಲ. ಈ ಆಟಗಳಿಗೆ ಆಟಗಾರನನ್ನು ಬೇಗ ಸೋಲಿಸುವ ಆತುರವೂ ಇರಲಿಲ್ಲ, ನಾಳೆ ಮತ್ತೆ ಬರುವಂತೆ ಮಾಡುವ ಹಂಚಿಕೆಯೂ ಇರಲಿಲ್ಲ. ಇಬ್ಬರು ಗೆಳೆಯರಿಗೆ ಸಾಕೆನಿಸಿದಾಗ ಆಟ ಮುಗಿಯುತ್ತಿತ್ತು.

ನಾಣ್ಯ ಬಂದದ್ದು ಸುಮಾರು ಹತ್ತು ವರ್ಷಗಳ ಬಳಿಕ. ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಅಟಾರಿ ಕಂಪನಿ ಕಟ್ಟಿದರು. ಅವರ ಎಂಜಿನಿಯರ್ ಅಲನ್ ಆಲ್ಕಾರ್ನ್ ತಯಾರಿಸಿದ ‘ಪಾಂಗ್’ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಪಟ್ಟಣದ ಒಂದು ಬಾರಿನಲ್ಲಿ ಇಟ್ಟರು. ಸ್ವಲ್ಪ ದಿನಕ್ಕೇ ಯಂತ್ರ ಕೆಟ್ಟಿದೆ ಎಂಬ ದೂರು ಬಂತು. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಕೆಟ್ಟಿದ್ದೇನೂ ಇಲ್ಲ. ನಾಣ್ಯದ ಡಬ್ಬ ತುಂಬಿ ತುಳುಕಿ, ಮುಂದಿನ ನಾಣ್ಯ ಬೀಳಲು ಜಾಗವೇ ಇರಲಿಲ್ಲ. ಹಿಗಿನ್‌ಬಾಥಂ ಅವರ ಟೆನಿಸ್ಸಿಗೂ ಪಾಂಗಿಗೂ ಆಟದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆ ಡಬ್ಬವೊಂದೇ ಹೊಸತು, ಉದ್ಯಮ ಹುಟ್ಟಿದ್ದೂ ಅದರಿಂದಲೇ.

ನಾಣ್ಯದ ಲೆಕ್ಕ ಸರಳ. ಒಬ್ಬನೇ ಆಟಗಾರ ಯಂತ್ರದ ಮುಂದೆ ಹೆಚ್ಚು ಹೊತ್ತು ನಿಂತಷ್ಟೂ ಮಾಲೀಕನಿಗೆ ನಷ್ಟ; ಅವನು ಬೇಗ ಸೋತು ಮತ್ತೆ ಜೇಬಿಗೆ ಕೈ ಹಾಕಿದರೆ ಲಾಭ. ಹಾಗೆಂದು ತೀರ ಬೇಗ ಸೋಲಿಸಿದರೆ ಮುನಿಸಿಕೊಂಡು ಹೊರಟುಬಿಡುತ್ತಾನೆ. ‘ಛೆ, ಇನ್ನೊಂದು ಚೂರಿನಲ್ಲಿ ತಪ್ಪಿತು’ ಎಂಬ ಕೊರಗು ಉಳಿಯುವಂತೆ ಸೋಲಿಸಬೇಕು, ಕಸುಬುದಾರಿಕೆ ಇರುವುದು ಅಲ್ಲಿ. ಮೂರು ಜೀವ, ಏರುತ್ತ ಹೋಗುವ ವೇಗ, ಹೆಚ್ಚು ಅಂಕ ಗಳಿಸಿದವರ ಪಟ್ಟಿ, ಎಲ್ಲವೂ ಈ ಲೆಕ್ಕದಿಂದಲೇ ಗಟ್ಟಿಯಾದವು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ಟೊಮೊಹಿರೊ ನಿಶಿಕಾದೊ ರೂಪಿಸಿದ ‘ಸ್ಪೇಸ್ ಇನ್‌ವೇಡರ್ಸ್’ನಲ್ಲಿ ಶತ್ರುಗಳು ಸತ್ತಷ್ಟೂ ಉಳಿದವರ ಓಟ ಬಿರುಸಾಗುತ್ತದೆ. ತೆರೆಯ ಮೇಲೆ ಬಿಡಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಅಂದಿನ ನಿಧಾನಗತಿಯ ಯಂತ್ರ ತಾನಾಗಿಯೇ ವೇಗ ಪಡೆಯುತ್ತಿತ್ತು. ಆಟದ ಬಿಗಿ ಹೆಚ್ಚಿಸುತ್ತದೆಂದು ಆ ಕೊರತೆಯನ್ನು ಹಾಗೆಯೇ ಉಳಿಸಿಕೊಂಡರು. 1980ರಲ್ಲಿ ಟೋರು ಇವಾತಾನಿ ರೂಪಿಸಿದ ‘ಪ್ಯಾಕ್‌ಮ್ಯಾನ್’ಗೆ ಕೊನೆಯೇ ಇರಲಿಲ್ಲ. 256ನೇ ಸುತ್ತಿನಲ್ಲಿ ಎಣಿಕೆ ತಪ್ಪಿ ಅರ್ಧ ತೆರೆ ಕಲಸುಮೇಲೋಗರವಾಗುತ್ತಿತ್ತು. ಅಲ್ಲಿಯವರೆಗೆ ಒಬ್ಬ ತಲುಪಿಯಾನು ಎಂದು ತಯಾರಕರು ಎಣಿಸಿರಲಿಲ್ಲ.

ಈ ಯಂತ್ರಗಳ ಪಾರ್ಲರುಗಳು ಹೆಚ್ಚಿದಂತೆ ಹಿರಿಯರ ಹುಬ್ಬು ಗಂಟಿಕ್ಕಿತು. ಫಿಲಿಪ್ಪೀನ್ಸಿನಲ್ಲಿ ಫರ್ಡಿನೆಂಡ್ ಮಾರ್ಕೋಸ್ 1981ರಲ್ಲಿ ಈ ಯಂತ್ರಗಳನ್ನೇ ನಿಷೇಧಿಸಿದರು. ಅಮೆರಿಕದ ಟೆಕ್ಸಸ್‌ನ ಮೆಸ್ಕೀಟ್ ಪಟ್ಟಣ, ಹಿರಿಯರ ಜತೆಯಿಲ್ಲದೆ 17 ವರ್ಷದೊಳಗಿನವರು ಪಾರ್ಲರಿನಲ್ಲಿ ಆಡಬಾರದೆಂದು ನಿಯಮ ಮಾಡಿತು. ಅದರ ವ್ಯಾಜ್ಯ 1982ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಅದೇ ವರ್ಷ ಅಮೆರಿಕದ ಸರ್ಜನ್ ಜನರಲ್ ಸಿ. ಎವರೆಟ್ ಕೂಪ್ ಈ ಆಟಗಳು ಮಕ್ಕಳಿಗೆ ಹಾನಿಕರ ಎಂದರು. ಮಾತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಮರುದಿನ ಅವರೇ ಸ್ಪಷ್ಟನೆ ನೀಡಬೇಕಾಯಿತು. ಶಾಲೆ ತಪ್ಪಿಸುವುದು, ತಿಂಡಿ ಕಾಸು ಯಂತ್ರಕ್ಕೆ ಸುರಿಯುವುದು ಅಂದಿನ ನಿಜವಾದ ದೂರುಗಳು. ಎರಡೂ ನಾಣ್ಯದ ಕಂಡಿಗೆ ಸಂಬಂಧಿಸಿದವು.

ಮನೆಯ ಟಿವಿಗೆ ಜೋಡಿಸುವ ಪೆಟ್ಟಿಗೆ, ಅದಕ್ಕೆ ಸಿಕ್ಕಿಸುವ ಕ್ಯಾಸೆಟ್ ಬಂದ ಮೇಲೆ ಲೆಕ್ಕ ತಿರುವುಮುರುವಾಯಿತು. ಹಣ ಅಂಗಡಿಯಲ್ಲೇ ಸಂದಾಯವಾಗಿರುತ್ತದೆ. ಆಮೇಲೆ ಆಟಗಾರ ಎಷ್ಟು ಹೊತ್ತು ಆಡಿದರೂ ತಯಾರಕನಿಗೆ ಖರ್ಚಿಲ್ಲ. ಬೇಗ ಮುಗಿದರೆ ಮಾತ್ರ ಹೆಸರು ಕೆಡುತ್ತದೆ. ಹಾಗಾಗಿ ಆಟಗಳು ಉದ್ದವಾದವು, ಕತೆ ಸೇರಿತು, ಅಡಗಿಸಿಟ್ಟ ದಾರಿಗಳು ಸೇರಿದವು. ಶಿಗೆರು ಮಿಯಾಮೊಟೊ ಅವರ ‘ಸೂಪರ್ ಮಾರಿಯೋ ಬ್ರದರ್ಸ್’ 1985ರಲ್ಲಿ ಬಂತು. ಮರುವರ್ಷ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ಆಟವನ್ನು ಎಲ್ಲಿಗೆ ನಿಲ್ಲಿಸಿದೆವೋ ಮರುದಿನ ಅಲ್ಲಿಂದಲೇ ಮುಂದುವರಿಸುವ ಸೌಲಭ್ಯವಿತ್ತು. ಸೋತವನನ್ನು ಹೊರದಬ್ಬುತ್ತಿದ್ದ ಆಟ ಅವನಿಗೆ ಕಾದು ಕೂರುವ ಸಹನೆ ಕಲಿಯಿತು.

ಮುಂಗಡ ಹಣಕ್ಕೂ ಅದರದೇ ರೋಗವಿತ್ತು. ಡಬ್ಬಿಯ ಮೇಲಿನ ಚಿತ್ರ ನೋಡಿ ದುಡ್ಡು ಕೊಟ್ಟಾದ ಮೇಲೆ ಒಳಗಿನ ಆಟ ಹೇಗಿದ್ದರೇನು? ‘ಇ.ಟಿ.’ ಸಿನಿಮಾದ ಹೆಸರಿನಲ್ಲಿ ಅಟಾರಿ 1982ರ ಕ್ರಿಸ್ಮಸ್ ಮಾರಾಟಕ್ಕೆಂದು ಸುಮಾರು ಐದೇ ವಾರದಲ್ಲಿ ಒಂದು ಆಟ ಮಾಡಿಸಿತು. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅವನ್ನು ಅಗೆದು ತೆಗೆದವರು ಬಹುಮಟ್ಟಿಗೆ ಪುರಾತತ್ವ ಸಂಶೋಧಕರ ಉತ್ಸಾಹದಲ್ಲೇ ಇದ್ದರು. ಇಂಥ ಕಳಪೆ ಸರಕಿನ ಮಹಾಪೂರದಲ್ಲಿ 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆಯೇ ಕುಸಿಯಿತು. ಎರಡು ವರ್ಷಗಳ ನಂತರ ಅಲ್ಲಿಗೆ ಬಂದ ನಿಂಟೆಂಡೊ ತನ್ನ ಪೆಟ್ಟಿಗೆಯೊಳಗೆ ಬೀಗದಂಥ ಚಿಪ್ ಇಟ್ಟಿತು. ಕಂಪನಿಯ ಒಪ್ಪಿಗೆಯಿಲ್ಲದ ಕ್ಯಾಸೆಟ್ ಅದರಲ್ಲಿ ಓಡದು. ಒಪ್ಪಿಗೆಗೆ ಕಪ್ಪ ಸಲ್ಲಬೇಕು. ಯಂತ್ರದ ಬಾಗಿಲಲ್ಲಿ ಕೂತು ಸುಂಕ ವಸೂಲಿ ಮಾಡುವ ಪದ್ಧತಿಗೆ ಇದು ನಾಂದಿ. 2008ರಲ್ಲಿ ಆರಂಭವಾದ ಆ್ಯಪಲ್‌ನ ಆ್ಯಪ್ ಸ್ಟೋರ್ ಪ್ರತಿ ಮಾರಾಟದ ಶೇ 30ರಷ್ಟನ್ನು ಮುರಿದುಕೊಂಡದ್ದು ಅದೇ ಪದ್ಧತಿಯ ಮುಂದುವರಿಕೆ.

ಭಾರತಕ್ಕೆ ಈ ಯಂತ್ರಗಳು ಬಹುಮಟ್ಟಿಗೆ ನಕಲಿನ ರೂಪದಲ್ಲಿ ಬಂದವು. 1990ರ ದಶಕದ ಪಟ್ಟಣಗಳಲ್ಲಿ ಮಾರಿಯೋ, ಕಾಂಟ್ರಾ ಆಟಗಳು ಪರಿಚಯವಾದದ್ದು ಹೆಸರೇ ಕೇಳಿರದ ಕಂಪನಿಗಳ ಪೆಟ್ಟಿಗೆಗಳ ಮೂಲಕ. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳ ಲೆಕ್ಕ ಅಚ್ಚಾಗಿರುತ್ತಿತ್ತು, ಒಳಗೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು. ಕ್ಯಾಸೆಟ್ ಓಡದಿದ್ದರೆ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು ಆ ಪೀಳಿಗೆಗೆಲ್ಲ ತಿಳಿದಿದ್ದ ರಿಪೇರಿ ವಿದ್ಯೆ. ಅಸಲಿ ಕಂಪನಿಗೆ ಇಲ್ಲಿಂದ ಒಂದು ಪೈಸೆಯೂ ಸಲ್ಲಲಿಲ್ಲ. ಆಡಿದವರಿಗೆ ಬೇಸಿಗೆ ರಜೆ ಮುಗಿದಾಗ ಆಟವೂ ಮುಗಿಯುತ್ತಿತ್ತು. ದೂರು ಇದ್ದದ್ದು ಟಿವಿಯ ಪಾಳಿಯ ಬಗ್ಗೆ ಮಾತ್ರ.

ಆಟದೊಳಗಿನ ಹಿಂಸೆಯ ವಿವಾದ ಇದೇ ಕಾಲದಲ್ಲಿ ಕಾವೇರಿತು. ಅದರ ಮೂಲ 1976ರ ‘ಡೆತ್ ರೇಸ್’ ಎಂಬ ಯಂತ್ರದಲ್ಲಿದೆ. ಕಾರು ಹರಿಸಿ ಮನುಷ್ಯರಂತೆ ಕಾಣುವ ಗೀಟುಗಳನ್ನು ಕೊಲ್ಲುವುದೇ ಅದರ ಆಟ. 1993ರ ಡಿಸೆಂಬರಿನಲ್ಲಿ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಮುಂದಾಳತ್ವದಲ್ಲಿ ಅಮೆರಿಕದ ಸೆನೆಟ್ ‘ಮಾರ್ಟಲ್ ಕಾಂಬ್ಯಾಟ್’ನಂಥ ಆಟಗಳ ವಿಚಾರಣೆ ನಡೆಸಿತು. ಸರ್ಕಾರವೇ ಕತ್ತರಿ ಹಿಡಿದೀತೆಂಬ ಅಳುಕಿನಿಂದ ಉದ್ಯಮ 1994ರಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿ ಸ್ಥಾಪಿಸಿ, ಯಾವ ಆಟ ಯಾವ ವಯಸ್ಸಿಗೆ ತಕ್ಕದ್ದು ಎಂಬ ಚೀಟಿ ಅಂಟಿಸತೊಡಗಿತು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರುವುದನ್ನು ಕ್ಯಾಲಿಫೋರ್ನಿಯಾ 2005ರಲ್ಲಿ ಕಾನೂನಿನಿಂದಲೇ ತಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಅದನ್ನು ರದ್ದುಮಾಡಿ, ಪುಸ್ತಕ, ನಾಟಕ, ಸಿನಿಮಾಗಳಿಗಿರುವ ಅಭಿವ್ಯಕ್ತಿ ಸ್ವಾತಂತ್ರ್ಯ ಆಟಗಳಿಗೂ ಇದೆ ಎಂದಿತು. ಮಕ್ಕಳಿಗೆ ಹೇಳುವ ಗ್ರಿಮ್ ಸಹೋದರರ ಕತೆಗಳಲ್ಲೂ ಕ್ರೌರ್ಯಕ್ಕೇನೂ ಬರವಿಲ್ಲ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತೀರ್ಪಿನಲ್ಲಿ ನೆನಪಿಸಿದರು.

ಸಂಶೋಧನೆ ಈ ವಿಷಯದಲ್ಲಿ ಹೇಳುವುದು ಅಬ್ಬರಕ್ಕಿಂತ ತುಂಬ ಕಡಿಮೆ. ಆಕ್ಸ್‌ಫರ್ಡಿನ ಆಂಡ್ರ್ಯೂ ಶ್ಶಿಬಿಲ್ಸ್ಕಿ ಮತ್ತು ಕಾರ್ಡಿಫಿನ ನೆಟಾ ವೈನ್‌ಸ್ಟೈನ್ 14–15 ವಯಸ್ಸಿನ ಸುಮಾರು 1,000 ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲ ನಡತೆಗೂ ನಂಟು ಕಾಣಲಿಲ್ಲ. ಮಕ್ಕಳ ನಡತೆಯನ್ನು ಅವರ ಬಾಯಿಂದಲೇ ಕೇಳದೆ ಪೋಷಕರಿಂದ ತಿಳಿದದ್ದು ಆ ಅಧ್ಯಯನದ ವಿಶೇಷ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ತನ್ನ ನಿಲುವನ್ನು ತಿದ್ದಿ, ಕೂಗಾಟ ತಳ್ಳಾಟದಂಥ ಸಣ್ಣ ನಡತೆಗಳ ಜೊತೆ ಕಿರಿದಾದ ನಂಟು ಇದ್ದರೂ ನಿಜವಾದ ಹಿಂಸಾಕೃತ್ಯಗಳಿಗೆ ಆಟವೇ ಕಾರಣವೆನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಆಟದ ಹುಚ್ಚು ಅಮೆರಿಕಕ್ಕಿಂತ ಕಡಿಮೆಯೇನಲ್ಲ. ಬಂದೂಕಿನ ಕೊಲೆಗಳು ಮಾತ್ರ ಅಲ್ಲಿ ತೀರ ವಿರಳ.

ಇತ್ತ ಕಣ್ಣೆಲ್ಲ ರಕ್ತದ ಮೇಲಿರುವಾಗ ಅತ್ತ ಗಲ್ಲಾಪೆಟ್ಟಿಗೆ ಮತ್ತೆ ಜಾಗ ಬದಲಿಸಿತು. ಇಂಟರ್ನೆಟ್ ಬಂದ ಮೇಲೆ ಮಾರಾಟಕ್ಕೆ ಸಿಕ್ಕ ಸರಕು ಸಮಯ. ದಕ್ಷಿಣ ಕೊರಿಯಾದಲ್ಲಿ 1997ರ ಆರ್ಥಿಕ ಬಿಕ್ಕಟ್ಟಿನ ಬೆನ್ನಲ್ಲೇ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಂಗಡಿಗಳು ಬೀದಿಬೀದಿಗೂ ಹಬ್ಬಿದವು. 1998ರ ‘ಸ್ಟಾರ್‌ಕ್ರಾಫ್ಟ್’ ಅಲ್ಲಿ ಬಹುತೇಕ ರಾಷ್ಟ್ರೀಯ ಕ್ರೀಡೆಯಾಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಬರ್ ಕೆಫೆಗಳಲ್ಲೂ ಇದೇ ಗಂಟೆ ಲೆಕ್ಕ ನಡೆಯುತ್ತಿತ್ತು, ‘ಕೌಂಟರ್ ಸ್ಟ್ರೈಕ್’ ಅಲ್ಲಿನ ನಿತ್ಯದ ಆಟ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗೆ ತಿಂಗಳಿಗೆ ಸುಮಾರು 15 ಡಾಲರ್ ಚಂದಾ, 2010ರ ಹೊತ್ತಿಗೆ 1.2 ಕೋಟಿ ಚಂದಾದಾರರಿದ್ದರು. ಚಂದಾ ನಿಲ್ಲಬಾರದೆಂದರೆ ಆಟ ಮುಗಿಯಬಾರದು. ಹಾಗಾಗಿ ದಿನಕ್ಕೊಂದು ಕೆಲಸ, ವಾರಕ್ಕೊಂದು ದಂಡಯಾತ್ರೆ, ಬಾರದಿದ್ದರೆ ತಂಡಕ್ಕೆ ತೊಂದರೆ ಎಂಬ ಹಂಗು, ಎಲ್ಲ ಸೇರಿಕೊಂಡವು. ಈ ಆಟದ ತಯಾರಿಯ ಹಂತದ ಪ್ರಸಂಗವೊಂದು ಪ್ರಸಿದ್ಧ. ಬಹಳ ಹೊತ್ತು ಆಡಿದವರಿಗೆ ದೊರೆಯುವ ಅಂಕವನ್ನು ಅರ್ಧಕ್ಕಿಳಿಸುವ ನಿಯಮವಿತ್ತು, ಆಟಗಾರರು ಸಿಡಿಮಿಡಿಗೊಂಡರು. ಅರ್ಧಕ್ಕೆ ಇಳಿದದ್ದನ್ನೇ ಮಾಮೂಲಿ ಎಂದು ಕರೆದು, ವಿಶ್ರಾಂತಿ ಪಡೆದು ಬಂದವರಿಗೆ ದುಪ್ಪಟ್ಟು ಬಹುಮಾನ ಎಂದು ಹೇಳಿದ ಕೂಡಲೇ ಎಲ್ಲರೂ ಸಂತೋಷಪಟ್ಟರು. ಲೆಕ್ಕ ಮೊದಲಿನದೇ. ಆಟಗಾರನ ಮನಸ್ಸನ್ನು ಓದುವ ಶಾಸ್ತ್ರ ಅಷ್ಟು ಹೊತ್ತಿಗೆ ಪಳಗಿತ್ತು.

ಮುಂದಿನ ಹೆಜ್ಜೆ ಎಲ್ಲಕ್ಕಿಂತ ಜಾಣತನದ್ದು: ಆಟವನ್ನೇ ಪುಕ್ಕಟೆ ಮಾಡುವುದು. ದಕ್ಷಿಣ ಕೊರಿಯಾದ ನೆಕ್ಸನ್ ಕಂಪನಿ 2000ದ ಆಸುಪಾಸಿನಲ್ಲಿ ತುಳಿದ ಈ ದಾರಿ ಸ್ಮಾರ್ಟ್‌ಫೋನ್ ಬಂದ ಮೇಲೆ ಹೆದ್ದಾರಿಯಾಯಿತು. ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ ಪಾರ್ಲರಿನದು ಪ್ಲೇಟ್ ವ್ಯಾಪಾರ, ಚಂದಾ ಆಟದ್ದು ತಿಂಗಳ ಮೆಸ್ಸು; ಇಲ್ಲಿ ಊಟ ಪುಕ್ಕಟೆ, ಉಪ್ಪಿಗೆ ದುಡ್ಡು. ಸಪ್ಪೆ ಊಟವನ್ನು ಹೆಚ್ಚಿನವರು ಗೊಣಗದೆ ಉಣ್ಣುತ್ತಾರೆ, ಕೆಲವರು ಉಪ್ಪು ಕೊಳ್ಳುತ್ತಾರೆ, ಬೆರಳೆಣಿಕೆಯ ಮಂದಿ ಉಪ್ಪಿಗೇ ಆಸ್ತಿ ಕರಗಿಸುತ್ತಾರೆ. ಆ ಕೊನೆಯವರಿಗೆ ಉದ್ಯಮದ ಒಳಮಾತಿನಲ್ಲಿ ತಿಮಿಂಗಿಲ ಎಂದೇ ಹೆಸರು. ವರಮಾನದ ದೊಡ್ಡ ಪಾಲು ಅವರಿಂದಲೇ. ಇಂಥ ವ್ಯಾಪಾರದಲ್ಲಿ ಊಟ ರುಚಿಯಾದಷ್ಟೂ ಉಪ್ಪಿನ ಮಾರಾಟ ಇಳಿಯುತ್ತದೆ, ಆದ್ದರಿಂದ ಆಟವನ್ನು ಅಳತೆ ಮಾಡಿ ಸಪ್ಪೆಯಾಗಿಡುವುದು ಅನಿವಾರ್ಯ.

ಸಪ್ಪೆ ಮಾಡುವ ಬಗೆಗಳು ಹಲವು. 2009ರ ‘ಫಾರ್ಮ್‌ವಿಲ್’ನಲ್ಲಿ ಬಿತ್ತಿದ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಅದು ಒಣಗಿಹೋಗುತ್ತಿತ್ತು, ಕಚೇರಿಯಲ್ಲಿ ಕೂತವರು ಇಲ್ಲದ ಹೊಲದ ಚಿಂತೆಯಲ್ಲಿ ಗಡಿಯಾರ ನೋಡಿದರು. ಅದನ್ನು ನಡೆಸುತ್ತಿದ್ದ ಜಿಂಗಾ ಕಂಪನಿ ಮರುವರ್ಷವೇ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. 2012ರ ‘ಕ್ಯಾಂಡಿ ಕ್ರಶ್ ಸಾಗಾ’ದಲ್ಲಿ ಐದು ಜೀವ, ಐದೂ ಹೋದರೆ ಒಂದೊಂದು ಮರಳಲು ಅರ್ಧ ಗಂಟೆ ಕಾಯಬೇಕು, ತಡೆಯಲಾಗದವರು ದುಡ್ಡು ಕೊಡಬೇಕು. ಪಾರ್ಲರಿನ ಮೂರು ಜೀವಗಳು ಇಲ್ಲಿ ಐದಾಗಿ ಮರುಹುಟ್ಟು ಪಡೆದಿವೆ. ನಾಣ್ಯ ಕೈಗೆ ತಾಗುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಅಸಲಿ ಹಣವನ್ನು ಮೊದಲು ರತ್ನ, ಚಿನ್ನದ ಬಿಲ್ಲೆ ಎಂಬ ಹೆಸರಿಗೆ ಬದಲಿಸಿ ಆಮೇಲೆ ಖರ್ಚು ಮಾಡಿಸುವುದರಿಂದ ಹೋದದ್ದೆಷ್ಟು ಎಂಬುದು ತಿಂಗಳ ಬಿಲ್ ಬರುವವರೆಗೆ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಬಲವಾದದ್ದು ಲೂಟ್ ಬಾಕ್ಸ್. ಹಣ ಕೊಟ್ಟು ಮುಚ್ಚಿದ ಪೆಟ್ಟಿಗೆ ಕೊಳ್ಳಬೇಕು. ಒಳಗೆ ಅಪರೂಪದ ಕತ್ತಿ ಇರಬಹುದು, ಬೇಡದ ಟೋಪಿ ಇರಬಹುದು. ಬಹುಮಾನ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೆ ಪ್ರಾಣಿ ಪ್ರಯತ್ನವನ್ನು ಸುಲಭವಾಗಿ ಬಿಡುವುದಿಲ್ಲ ಎಂಬುದನ್ನು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಬಹಳ ಹಿಂದೆಯೇ ತೋರಿಸಿದ್ದರು. ಕ್ಯಾಸಿನೋಗಳು ಬದುಕಿರುವುದು ಅದರ ಮೇಲೆಯೇ. ಬಿಡಿ ಬಿಡಿ ಚೀಟಿಗಳನ್ನು ಕೂಡಿಸಿ ದೊಡ್ಡ ಬಹುಮಾನ ಪಡೆಯುವ ‘ಕೊಂಪು ಗಾಚಾ’ ಎಂಬ ಬಗೆಯನ್ನು ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ 2012ರಲ್ಲಿ ಕಾನೂನುಬಾಹಿರವೆಂದಿತು. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ವಿರುದ್ಧ ಆಟಗಾರರೇ ದಂಗೆ ಎದ್ದರು, ಪೂರ್ತಿ ಬೆಲೆ ಕೊಟ್ಟು ಕೊಂಡ ಆಟದೊಳಗೂ ಪೆಟ್ಟಿಗೆ ಮಾರಿದ್ದು ಅವರನ್ನು ಕೆರಳಿಸಿತ್ತು. 2018ರಲ್ಲಿ ಬೆಲ್ಜಿಯಂ ಹಣ ಕೊಟ್ಟು ಕೊಳ್ಳುವ ಲೂಟ್ ಬಾಕ್ಸನ್ನು ಜೂಜಿನ ಪಟ್ಟಿಗೆ ಸೇರಿಸಿತು. ‘ಫೋರ್ಟ್‌ನೈಟ್’ ತಯಾರಕ ಎಪಿಕ್ ಗೇಮ್ಸ್ 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಜೊತೆ 52 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 24.5 ಕೋಟಿ ಡಾಲರ್, ಗುಂಡಿಗಳನ್ನು ಗೊಂದಲವಾಗುವಂತೆ ಇಟ್ಟು ಬೇಡದ ಖರೀದಿ ಮಾಡಿಸಿದ ಆರೋಪಕ್ಕೆ ಸಂಬಂಧಿಸಿದ್ದು, ಹಣ ಕಳೆದುಕೊಂಡವರಿಗೆ ಮರಳಿಸಲು. ಉಳಿದದ್ದು ಮಕ್ಕಳ ಖಾಸಗಿ ಮಾಹಿತಿಯ ವಿಷಯದಲ್ಲಿ ತೆತ್ತ ದಂಡ. ಆ ಆಟದಲ್ಲಿ ಬಂದೂಕುಗಳಿಗೇನೂ ಕೊರತೆಯಿಲ್ಲ, ಆದರೆ ಪ್ರಕರಣ ನಡೆದದ್ದು ಅವುಗಳ ಕುರಿತಲ್ಲ.

ಈ ಹಂತದಲ್ಲಿ ವೈದ್ಯರು ಪ್ರವೇಶಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ಐಸಿಡಿ-11 ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದು, ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವುದು. ಸಾಮಾನ್ಯವಾಗಿ 12 ತಿಂಗಳು ಇವು ಕಂಡುಬಂದರೆ ಮಾತ್ರ ರೋಗವೆನ್ನಬೇಕು. ದಿನಕ್ಕೆ ಇಂತಿಷ್ಟು ಗಂಟೆ ಆಡಿದವನು ರೋಗಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೂ ಮೊದಲೇ, 2014ರಲ್ಲಿ, ತಂತ್ರಜ್ಞಾನದ ಅತಿಬಳಕೆಯ ಸಮಸ್ಯೆಗೆಂದೇ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ದೇಶದಲ್ಲಿ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಮೊಬೈಲ್ ಕಿತ್ತುಕೊಂಡು ಬಯ್ಯುವುದಷ್ಟನ್ನೇ ಮದ್ದೆಂದು ನಂಬಿದ್ದ ಮನೆಗಳಿಗೆ, ಆಟದ ಹಿಂದೆ ಒಂಟಿತನವೋ ಪರೀಕ್ಷೆಯ ಭಯವೋ ಖಿನ್ನತೆಯೋ ಇರಬಹುದೆಂದು ವಿಚಾರಿಸುವ ಜಾಗವೊಂದು ಸಿಕ್ಕಿತು.

ಸರ್ಕಾರಗಳು ಮಾತ್ರ ಮೊದಲು ಗಡಿಯಾರವನ್ನೇ ಹಿಡಿದವು. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡದಂತೆ ತಡೆಯಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಅಷ್ಟರಲ್ಲಿ ಆಟ ಕಂಪ್ಯೂಟರಿನಿಂದ ಮೊಬೈಲಿಗೆ ದಾಟಿತ್ತು, ಅದಕ್ಕೆ ಈ ಕಾನೂನು ಅನ್ವಯವಾಗುತ್ತಿರಲಿಲ್ಲ. 2021ರಲ್ಲಿ ಸರ್ಕಾರವೇ ಅದನ್ನು ಕೈಬಿಡಲು ನಿರ್ಧರಿಸಿತು. ಅದೇ ವರ್ಷ ಚೀನಾ ಇನ್ನೂ ಬಿಗಿಯಾಯಿತು: 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಆಟ. ಜಪಾನಿನ ಕಗಾವಾ ಪ್ರಾಂತ್ಯ 2020ರಲ್ಲಿ ಶಾಲಾ ದಿನ 60 ನಿಮಿಷ, ರಜಾದಿನ 90 ನಿಮಿಷ ಎಂದು ಕಟ್ಟಳೆ ಮಾಡಿತು, ದಂಡನೆ ಇಡಲಿಲ್ಲ. ಗಂಟೆ ಎಣಿಸುವುದು ಸುಲಭ, ಆದ್ದರಿಂದ ಆಳುವವರಿಗೆ ಇಷ್ಟ. ಆದರೆ ಗೆಳೆಯರೊಡನೆ ಎರಡು ಗಂಟೆ ನಗರ ಕಟ್ಟುವ ಆಟ ಆಡಿದ ಹುಡುಗಿಗೂ ಹತ್ತೇ ನಿಮಿಷದಲ್ಲಿ ಅಪ್ಪನ ಖಾತೆ ಬರಿದು ಮಾಡಿದ ಹುಡುಗನಿಗೂ ಇರುವ ಅಂತರ ಗಡಿಯಾರಕ್ಕೆ ತಿಳಿಯುವುದಿಲ್ಲ.

ಭಾರತದಲ್ಲಿ ಆಟ ಎಲ್ಲರ ಕೈಗೆ ಬಂದದ್ದು 2016ರ ನಂತರ, ಅಗ್ಗದ ಡೇಟಾ ಜೊತೆಯಲ್ಲಿ. 2018ರಲ್ಲಿ ಬಂದ ‘ಪಬ್‌ಜಿ ಮೊಬೈಲ್’ ಹಳ್ಳಿಯ ಕಟ್ಟೆಗಳವರೆಗೂ ಹಬ್ಬಿತು. 2019ರಲ್ಲಿ ಗುಜರಾತಿನ ಕೆಲವು ನಗರಗಳಲ್ಲಿ ಪೊಲೀಸರು ಅದನ್ನು ನಿಷೇಧಿಸಿದರು, ಆಡಿದವರನ್ನು ಹಿಡಿದದ್ದೂ ಉಂಟು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಇತರ 117 ಆ್ಯಪ್‌ಗಳ ಜೊತೆ ನಿಷೇಧಿಸಿದಾಗ ಕೊಟ್ಟ ಕಾರಣ ದೇಶದ ಭದ್ರತೆ; ಗಡಿಯಲ್ಲಿ ಚೀನಾದೊಂದಿಗೆ ಘರ್ಷಣೆ ನಡೆದ ವರ್ಷ ಅದು. ಮರುವರ್ಷ ಅದೇ ಆಟ ‘ಬಿಜಿಎಂಐ’ ಎಂಬ ಹೊಸ ಹೆಸರು ಹೊತ್ತು ಮರಳಿತು.

ಹಣ ಕಟ್ಟುವ ಆಟಗಳ ಕತೆ ಬೇರೆ. ಕರ್ನಾಟಕಕ್ಕೆ ಈ ಭೇದ ಹಳೆಯದು. ಶಿವರಾತ್ರಿಯ ಜಾಗರಣೆಗೆ ಮನೆಮಂದಿಯೆಲ್ಲ ಕೂತು ಪಗಡೆ, ಚೌಕಾಬಾರ ಆಡುತ್ತಾರೆ. ಹಳೆ ಮೈಸೂರು ಕಡೆ ಯುಗಾದಿಯ ಹೊಸತೊಡಕಿನಲ್ಲಿ ಕಾಸು ಕಟ್ಟಿ ಇಸ್ಪೀಟು ಆಡುವ ರೂಢಿಯನ್ನು ಊರು ಕಂಡೂ ಕಾಣದಂತೆ ಇರುತ್ತದೆ, ಪೊಲೀಸರು ಕಂಡರೆ ಮೊಕದ್ದಮೆಯಾಗುತ್ತದೆ. ಧರ್ಮರಾಯ ರಾಜ್ಯ ಕಳೆದುಕೊಂಡದ್ದರಿಂದ ಪಗಡೆ ಹಾಸಿಗೆ ಕೆಟ್ಟ ಹೆಸರು ಬರಲಿಲ್ಲ, ಬಂದದ್ದು ಪಣಕ್ಕೆ. ಕಾನೂನು ಮಾತ್ರ ಬೇರೊಂದು ಗೆರೆ ಎಳೆದಿತ್ತು. 1867ರ ಸಾರ್ವಜನಿಕ ಜೂಜು ಕಾಯ್ದೆಯ ಕಾಲದಿಂದ ಕೌಶಲದ ಆಟಕ್ಕೆ ವಿನಾಯಿತಿ, ಅದೃಷ್ಟದ ಆಟಕ್ಕೆ ನಿಷೇಧ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಕಂಪನಿಗಳು ಅರ್ಧ ಶತಮಾನದ ನಂತರ ಆ ಮಾತಿನ ಮೇಲೆ ಸಾವಿರಾರು ಕೋಟಿ ರೂಪಾಯಿಯ ಕಟ್ಟಡ ಎಬ್ಬಿಸಿದವು. ಹಣ ಕಳೆದುಕೊಂಡವನಿಗೆ, ತಾನು ಸೋತದ್ದು ಅದೃಷ್ಟದಿಂದಲ್ಲ, ಕೌಶಲ ಸಾಲದೆ ಎಂಬ ಸಮಾಧಾನ ಉಳಿಯಿತು.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲದ್ದೇ ಆಗಿರಲಿ, ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್, ಕೌಶಲದ ಆಟ ನಡೆಸುವುದು ಸಂವಿಧಾನ ರಕ್ಷಿಸಿದ ವ್ಯಾಪಾರವೆಂದು ಹೇಳಿ ಆ ಭಾಗಗಳನ್ನು ರದ್ದುಗೊಳಿಸಿತು. ಮೂರು ವರ್ಷಗಳ ಬಳಿಕ ಸಂಸತ್ತು ಕರ್ನಾಟಕ ಎಳೆದಿದ್ದ ಗೆರೆಯನ್ನೇ ದೇಶಕ್ಕೆಲ್ಲ ಎಳೆಯಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ, ಗೆದ್ದರೆ ಹಣ ಬರುವ ಆಸೆಯಲ್ಲಿ ಹಣ ಕಟ್ಟುವ ಆನ್‌ಲೈನ್ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆಯೇ ಇಲ್ಲ, ನಡೆಸುವಂತಿಲ್ಲ. ತಪ್ಪಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತಿಗೂ ಶಿಕ್ಷೆಯಿದೆ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಫ್ಯಾಂಟಸಿ ಕಂಪನಿಯ ಹೆಸರು ವಾರದೊಳಗೆ ಇಳಿಯಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಇ-ಸ್ಪೋರ್ಟ್ಸ್ ಮತ್ತು ಹಣದ ಗೊಡವೆಯಿಲ್ಲದ ಆಟಗಳಿಗೆ ಇದೇ ಕಾಯ್ದೆ ಉತ್ತೇಜನದ ಮಾತಾಡುತ್ತದೆ. ಆದರೆ ಅದರ ಮುಖ್ಯ ಗುರಿ ಹಣ ಒಳಹೋಗಿ ಹೊರಬರುವ ಆಟಗಳು. ಹಣ ಒಳಗೆ ಹೋಗುವುದೊಂದೇ ಇರುವ, ಹೊರಗೆ ಬರುವ ದಾರಿಯೇ ಇಲ್ಲದ ಪುಕ್ಕಟೆ ಆಟಗಳ ವ್ಯಾಪಾರ ಅದರ ಪಕ್ಕದಲ್ಲೇ ನಡೆದುಕೊಂಡು ಹೋಗಬಹುದು.

ಆಟದಿಂದ ಒಳಿತಿಲ್ಲವೆಂದು ಇದರ ಅರ್ಥವಲ್ಲ. ವೇಗದ ಆಟ ಆಡುವವರ ದೃಷ್ಟಿಯ ಗಮನಶಕ್ತಿ ಹೆಚ್ಚುವುದನ್ನು ಶಾನ್ ಗ್ರೀನ್ ಮತ್ತು ಡಾಫ್ನೆ ಬವೆಲಿಯೆ 2003ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ‘ಫೋಲ್ಡ್‌ಇಟ್’ ಪ್ರೋಟೀನುಗಳನ್ನು ಮಡಚುವ ಆಟ. ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಮೀರಿ ಬಗೆಹರಿಯದಿದ್ದ, ಕೋತಿಗಳ ವೈರಸ್ಸೊಂದರ ಕಿಣ್ವದ ರಚನೆಗೆ ಅದರ ಆಟಗಾರರು ಮೂರು ವಾರದೊಳಗೆ ಸರಿಯಾದ ಮಾದರಿ ಕೊಟ್ಟದ್ದು 2011ರಲ್ಲಿ ಪ್ರಕಟವಾಯಿತು. ಈ ಆಟಕ್ಕೂ ‘ಸ್ಪೇಸ್‌ವಾರ್’ನಂತೆಯೇ ಗಲ್ಲಾಪೆಟ್ಟಿಗೆ ಇಲ್ಲ. ದುಡಿಮೆಯ ಮಾತೂ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಗಿಡಮರಗಳನ್ನು ರೂಪಿಸಿಕೊಟ್ಟು ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಅದನ್ನು ಕೊಂಡಿತು. ಪರದೇಶದ ಆಟದೊಳಗಿನ ಬೀದಿಗಳಲ್ಲಿ ಬೆಂಗಳೂರಿನ ಕಲಾವಿದರ ಕೈಕೆಲಸ ಉಂಟು, ಆದರೆ ಕನ್ನಡದಲ್ಲಿ ಮಾತಾಡುವ ದೊಡ್ಡ ಆಟ ಇನ್ನೂ ಅಪರೂಪ. ಖರೀದಿಸುವ ಸಾಮರ್ಥ್ಯ ಎಲ್ಲಿದೆಯೋ ಆಟಕ್ಕೆ ಅಲ್ಲಿಯ ಭಾಷೆ ಬರುತ್ತದೆ.

ಕೊಂಡದ್ದು ಕೊಂಡವನದೇ ಎಂಬ ಹಳೆಯ ನಂಬಿಕೆಯೂ ಇತ್ತೀಚೆಗೆ ಸಡಿಲಾಗಿದೆ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ದುಡ್ಡು ಕೊಟ್ಟವರ ಬಳಿ ಓಡದ ಡಿಸ್ಕ್ ಉಳಿಯಿತು. ಇದರ ವಿರುದ್ಧ ಎದ್ದ ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದೆ. ಡಿಜಿಟಲ್ ಆಟ ಕೊಳ್ಳುವವರಿಗೆ ದೊರೆಯುವುದು ಪರವಾನಗಿ ಮಾತ್ರ, ಒಡೆತನವಲ್ಲ ಎಂದು ಅಂಗಡಿಯವರು ಸ್ಪಷ್ಟವಾಗಿ ಹೇಳಲೇಬೇಕೆಂದು ಕ್ಯಾಲಿಫೋರ್ನಿಯಾ 2025ರಿಂದ ಕಾನೂನು ಮಾಡಿತು. ನಕಲಿ ಕ್ಯಾಸೆಟ್ಟಿಗೂ ಈ ಅವಸ್ಥೆ ಇರಲಿಲ್ಲ.

ಹೀಗಾಗಿ ಒಂದು ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ವಯಸ್ಸು ಮತ್ತು ರಕ್ತದ ಜೊತೆಗೆ ನಾಲ್ಕು ಪ್ರಶ್ನೆಗಳು ಬೇಕಾಗುತ್ತವೆ. ಹಣ ಒಮ್ಮೆಗೇ ಹೋಗುತ್ತದೆಯೇ, ಹನಿಹನಿಯಾಗಿ ಸೋರುತ್ತದೆಯೇ? ಹಣಕ್ಕೆ ಬದಲಾಗಿ ಏನು ಸಿಗುತ್ತದೆಂದು ಮೊದಲೇ ತಿಳಿಯುತ್ತದೆಯೇ, ಪೆಟ್ಟಿಗೆ ಒಡೆದ ಮೇಲೆಯೇ? ಒಂದು ದಿನ ಆಡದಿದ್ದರೆ ಆಟ ಸುಮ್ಮನಿರುತ್ತದೆಯೇ, ಏನಾದರೂ ಕಿತ್ತುಕೊಳ್ಳುತ್ತದೆಯೇ? ಸಾಕೆನಿಸಿದಾಗ ನಿಲ್ಲಿಸಲು ತಕ್ಕ ತಾಣಗಳಿವೆಯೇ? ಬಂದೂಕು ಹಿಡಿದ ಎಷ್ಟೋ ಆಟಗಳು ಈ ನಾಲ್ಕರಲ್ಲೂ ಪಾಸಾಗುತ್ತವೆ. ಮಿಠಾಯಿ, ತರಕಾರಿ, ಮುದ್ದು ಪ್ರಾಣಿಗಳ ಎಷ್ಟೋ ಆಟಗಳು ನಾಲ್ಕರಲ್ಲೂ ಫೇಲಾಗುತ್ತವೆ. 1994ರಲ್ಲಿ ರಕ್ತದ ಭಯದಿಂದ ಹುಟ್ಟಿದ ಇಎಸ್‌ಆರ್‌ಬಿ ಚೀಟಿಯೇ 2020ರಿಂದ, ಆಟದೊಳಗೆ ಏನು ಸಿಗುತ್ತದೆಂದು ತಿಳಿಯದ ಖರೀದಿಗಳಿವೆ ಎಂದು ಬರೆಯತೊಡಗಿದೆ. ಭಾರತದ ಹೊಸ ಕಾಯ್ದೆಯೂ ಆಟಗಳನ್ನು ವರ್ಗೀಕರಿಸಿ ನೋಂದಾಯಿಸುವ ಪ್ರಾಧಿಕಾರವೊಂದಕ್ಕೆ ಅವಕಾಶ ಕೊಟ್ಟಿದೆ. ಆ ನೋಂದಣಿ ಪುಸ್ತಕದಲ್ಲಿ ಆಟದ ಹೆಸರು, ವಯಸ್ಸುಗಳ ಪಕ್ಕದಲ್ಲಿ ಹಣ ಪಡೆಯುವ ಬಗೆಗೂ ಒಂದು ಕಾಲಂ ಇದ್ದರೆ ಪೋಷಕರಿಗೂ ಆಟಗಾರರಿಗೂ ಬೇಕಾದ ಮಾಹಿತಿಯ ಹೆಚ್ಚಿನ ಪಾಲು ಅಲ್ಲಿಯೇ ದೊರೆಯುತ್ತದೆ.